ಒಬ್ಬೊಬ್ಬರಿಗೆ ಒಂದೊಂದು ಅರ್ಜಿ

ಆ ಭಾನುವಾರ ತೊಗರಿಕಾಳು, ಎಳೆ ಹಲಸು, ಹಂದಿಮಾಂಸ ಹಾಕಿ ಆರ್ಲಿನ್ ಮಾಡಿದ್ದ ಸಾರನ್ನು ಬಿಸಿಯಾಗಿ ಉಣ್ಣುವ ಯೋಗ ಯಾರಿಗೂ ಇರಲಿಲ್ಲ. ಚರ್ಚಿನಿಂದ ಬಂದು ತಟ್ಟೆಗೆ ಅನ್ನ ಬಡಿಸಿಕೊಳ್ಳುವಾಗಲೇ ಕ್ಯಾಲಿಫೋರ್ನಿಯಾದಿಂದ ವಾಂಜಿಯ ಫೋನು ಬಂತು. ವಾಂಜಿ ಈ ಮನೆಯ ಹಿರಿಮಗಳು, ಅಲ್ಲಿ ನರ್ಸು. ಅಪ್ಪ ಅಮ್ಮನನ್ನು ಅಲ್ಲಿಗೇ ಕರೆಸಿಕೊಳ್ಳಲು ಅವಳು ಹಾಕಿದ್ದ ಅರ್ಜಿ ಕೊನೆಗೂ ಮುಂದೆ ಸರಿದಿತ್ತು. ಮೇ ತಿಂಗಳ ಕೊನೆಗೆ ಮನಿಲಾದ ಅಮೆರಿಕ ರಾಯಭಾರ ಕಚೇರಿಯಲ್ಲಿ ವೀಸಾ ಸಂದರ್ಶನ.

ಮನೆಯವರು ತಾತೈ, ಅಂದರೆ ಅಪ್ಪ, ಎಂದು ಕರೆಯುವ ಸಿದ್ರೋ ಚಮಚ ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು. ಅವರ ಹೆಂಡತಿ ಸೋರಿಂಗ್, ಎಲ್ಲರಿಗೂ ನಾನೈ, ಅಂದರೆ ಅಮ್ಮ, ಮಂಡಿ ನೀವಿಕೊಳ್ಳುತ್ತ, "ಮನಿಲಾದ ಆ ಕಚೇರೀಲಿ ಮೆಟ್ಟಿಲು ಜಾಸ್ತಿ ಇದೆಯೇನೇ?" ಎಂದು ಕೇಳಿದರು.

"ಮೆಟ್ಟಿಲ ಚಿಂತೆ ಬಿಡಿ, ನಾನೈ," ಎಂದಳು ವಾಂಜಿ ಫೋನಿನಲ್ಲಿ. " ಉತ್ತರ ಕಲೀರಿ. ಈಗ ನಾನೇ ಅಧಿಕಾರಿ ಅನ್ಕೊಳ್ಳಿ. ಮನೇಲಿ ಯಾರ್ಯಾರಿದೀರಿ?"

"ನಾನು, ನನ್ನ ಯಜಮಾನರು, ಮಗ ರೋಡೆಲ್."

"ಮಗನಿಗೆ ಮದುವೆ ಆಗಿದೆಯಾ?"

"ಇಲ್ಲ."

"ಹಾಗಾದ್ರೆ ಆ ಹೆಂಗಸು, ಆ ಹುಡುಗಿ?"

ನಾನೈ ಸಾರು ಬಡಿಸುತ್ತಿದ್ದ ಆರ್ಲಿನ್‌ಳ ಕಡೆ ನೋಡಿದರು. "ಬಾಡಿಗೆಗಿದಾರೆ."

"ಬಾಡಿಗೆ ಎಷ್ಟು?"

ನಾನೈ ಗಂಡನ ಕಡೆ ತಿರುಗಿದರು.

"ನೋಡಿದ್ರಾ! ಅಲ್ಲೇ ಸಿಕ್ಕಿಹಾಕ್ಕೊಳ್ತೀರಿ."

"ಐನೂರು ಪೆಸೊ ಅಂತೀನಿ ಬಿಡು," ಎಂದರು ತಾತೈ.

"ಐನೂರಾ?" ರೋಡೆಲ್ ನಕ್ಕ. "ಐನೂರಕ್ಕೆ ಇವಳಿಗೆ ಕೋಳಿಗೂಡೂ ಸಿಗಲ್ಲ, ತಾತೈ."

ಎಲ್ಲರೂ ನಕ್ಕರು. ಆರ್ಲಿನ್ ಕೂಡ ನಕ್ಕಳು. ನಗದಿದ್ದವಳು ಅವಳ ಮಗಳು ತೆಯಾ ಒಬ್ಬಳೇ. "ನನಗೆ ಅರ್ಧ ಬಾಡಿಗೆ ಅಂತ ಹೇಳಿ ಲೋಲೋ, ಬಸ್ಸಲ್ಲಿ ಅರ್ಧ ಟಿಕೇಟ್ ಇರುತ್ತಲ್ಲ ಹಾಗೆ," ಎಂದಳು ಅಜ್ಜನಿಗೆ.

ಆರ್ಲಿನ್ ಈ ಮನೆಗೆ ಬಂದು ಹದಿಮೂರು ವರ್ಷವಾಗಿತ್ತು. ಬಂದಾಗ ಇಪ್ಪತ್ತೊಂದು, ಹೊಟ್ಟೆಯಲ್ಲಿ ತೆಯಾ. ರೋಡೆಲ್ ಆಗಲೇ ಉಂಗುರವನ್ನೂ ತಂದಿದ್ದ. ಆದರೆ ಇಲೊಯ್ಲೊ ಪೇಟೆಯಲ್ಲಿ ವಲಸೆಯ ಕಾಗದ ಮಾಡಿಕೊಡುವ ಪಾಲ್ಮಾ ಎಂಬ ಹೆಂಗಸು, "ಮದುವೆ ಮಾತ್ರ ಬೇಡ" ಎಂದಿದ್ದಳು. ವಾಂಜಿ ಅಮೆರಿಕದ ಪ್ರಜೆಯಾದ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾಳೆ. ಅಪ್ಪ ಅಮ್ಮ ಅಲ್ಲಿ ನೆಲೆಯಾದ ಮೇಲೆ ಮದುವೆಯಾಗದ ಮಗನನ್ನು ಕರೆಸಿಕೊಳ್ಳಬಹುದು. ಮದುವೆಯಾದ ಮಗನಿಗೆ ಆ ದಾರಿ ಮುಚ್ಚಿದ ಹಾಗೆ. ಊರಲ್ಲಿ ಇದನ್ನು ತಿಳಿಯದವರಿಲ್ಲ. ಅವರ ಆ ಗಿಂಬಾಲ್ ಊರಿನಲ್ಲಿ ಬೀದಿಗೊಬ್ಬರು ಇಬ್ಬರು ಹೀಗೆ ಕಾಗದದ ಮೇಲೆ ಬ್ರಹ್ಮಚಾರಿಗಳಾಗಿ, ಮನೆಯಲ್ಲಿ ಮಕ್ಕಳೊಂದಿಗರಾಗಿ ಇದ್ದರು. ಈ ಮನೆಯವರು ಪಾಲ್ಮಾಳ ಮಾತು ಕೇಳಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ತೆಯಾ ಹುಟ್ಟಿದಾಗ ಜನನದ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗವನ್ನೂ ಖಾಲಿ ಬಿಡಿಸಿದ್ದರು. ಹೊಸಿಲು ದಾಟಿದರೆ ತೆಯಾ ಅಪ್ಪನನ್ನು ತೀಯೋ, ಅಂದರೆ ಚಿಕ್ಕಪ್ಪ ಎಂದು ಕರೆಯಬೇಕು. ಯಾವ ಹೊತ್ತಿನಲ್ಲಿ ಯಾರು ಬಂದು ನೆರೆಹೊರೆಯವರನ್ನು ವಿಚಾರಿಸುತ್ತಾರೋ ಯಾರಿಗೆ ಗೊತ್ತು?

ಫೋನು ಇಟ್ಟ ಮೇಲೆ ತೆಯಾ ತಟ್ಟೆ ಎತ್ತುತ್ತ ಹೇಳಿದಳು, "ಏಪ್ರಿಲ್ ಐದಕ್ಕೆ ನಮ್ಮ ಶಾಲೇಲಿ ಗ್ರಾಜುಯೇಷನ್. ಆರನೇ ಕ್ಲಾಸಿಗೆಲ್ಲ ನಾನೇ ಎರಡನೆಯವಳು. ಅಪ್ಪ ಅಮ್ಮ ಇಬ್ರೂ ವೇದಿಕೆಗೆ ಬಂದು ಮೆಡಲ್ ಹಾಕ್ಬೇಕಂತೆ."

ರೋಡೆಲ್ ಹಲ್ಲಿಗೆ ಸಿಕ್ಕ ಮಾಂಸದ ನಾರು ತೆಗೆಯುತ್ತಲೇ ಇದ್ದ.

"ಕೇಳಿಸ್ತಾ?" ಎಂದಳು ಆರ್ಲಿನ್.

"ಕೇಳಿಸ್ತು. ನೋಡೋಣ."

*

ಶಾಲೆಯ ಅಂಗಳದ ತಗಡಿನ ಚಪ್ಪರದಡಿ ಏಪ್ರಿಲ್ ಬಿಸಿಲು ಬೆಂಕಿಯಂತಿತ್ತು. ಎರಡೇ ಫ್ಯಾನು, ಎರಡೂ ಮುಖ್ಯ ಅತಿಥಿಗಳ ಕಡೆಗೆ. ಆರ್ಲಿನ್ ಆ ದಿನ ಅಂಟಕ್ಕಿ ಕಡುಬಿನ ಬುಟ್ಟಿಯನ್ನು ಸಂತೆಬಾಗಿಲಿಗೆ ಮಾರಲು ಒಯ್ದಿರಲಿಲ್ಲ. ಪಕ್ಕದ ಮನೆಯವಳಿಂದ ಎರವಲು ತಂದ ನೀಲಿ ಅಂಗಿ ತೊಟ್ಟು ನಾನೈಯ ಜೊತೆ ಮೂರನೇ ಸಾಲಿನಲ್ಲಿ ಕುಳಿತಿದ್ದಳು. ತಾತೈ ಹಿಂದಿನ ಸಾಲಿನಲ್ಲಿ, ಬೇರೆ ಯಾರದೋ ಅಜ್ಜನ ಹಾಗೆ.

ಹೆಸರು ಕರೆಯುತ್ತಿದ್ದ ಮೇಷ್ಟ್ರು, "ಶ್ರೀ ಮತ್ತು ಶ್ರೀಮತಿ ಇಂಥವರ ಮಗ", "ಶ್ರೀ ಮತ್ತು ಶ್ರೀಮತಿ ಇಂಥವರ ಮಗಳು" ಎಂದು ಹೇಳುತ್ತ ಬಂದು, ಚೀಟಿಯನ್ನು ಹತ್ತಿರ ಹಿಡಿದು ಒಂದು ಗಳಿಗೆ ತಡೆದರು. "ತೆಯಾ ಎಸ್ಕೋತೆ. ಮಿಸ್ ಆರ್ಲಿನ್ ಎಸ್ಕೋತೆಯವರ ಮಗಳು."

ಆರ್ಲಿನ್ ಒಬ್ಬಳೇ ಮೆಟ್ಟಿಲು ಹತ್ತಿದಳು. ಮೆಡಲಿನ ಪಿನ್ನು ಬೆವರುಗೈಗೆ ಜಾರುತ್ತಿತ್ತು. ಫೋಟೋದವನು, "ಅಪ್ಪ ಎಲ್ಲಿ? ಬೇಗ ಬರ್ಲಿ," ಎಂದ. ತೆಯಾ ಕ್ಯಾಮೆರಾವನ್ನೇ ನೋಡುತ್ತ, "ಬರಲ್ಲ. ತೆಗೀರಿ," ಎಂದಳು.

ಕಾಂಪೌಂಡಿನಾಚೆ ರೋಡೆಲ್ ತಾನು ಬಾಡಿಗೆಗೆ ಓಡಿಸುವ ಜೀಪ್ನಿ ಎಂಬ ಉದ್ದನೆಯ ಜೀಪಿನ ಹಿಂದಿನ ಮೆಟ್ಟಿಲ ಮೇಲೆ ನಿಂತು, ಗೋಡೆಯ ಮೇಲಿಂದ ಕತ್ತು ಚಾಚಿ, ಫೋನಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದ. ಅದರಲ್ಲಿದ್ದ ಪ್ರಯಾಣಿಕರು ಕಾದು ಬೇಸತ್ತು ಇಳಿದು ಹೋಗಿ ಎಷ್ಟೋ ಹೊತ್ತಾಗಿತ್ತು.

ಮನೆಗೆ ಬರುವಾಗ ಅವನು ಕೆಂಡದಲ್ಲಿ ಸುಟ್ಟ ಇಡೀ ಕೋಳಿ ತಂದ. ಮಗಳ ತಟ್ಟೆಗೆ ತೊಡೆಯನ್ನೇ ಹಾಕಿದ.

"ಥ್ಯಾಂಕ್ಯೂ, ತೀಯೋ."

"ಮನೆ ಒಳಗೆ ಹಾಗೆ ಕರೀಬೇಡ ಅಂತ ಎಷ್ಟು ಸಲ ಹೇಳಿದೀನಿ?"

"ಯಾವುದು ಒಳಗೆ, ಯಾವುದು ಹೊರಗೆ ಅಂತ ನಂಗೆ ಮರ್ತೋಗುತ್ತೆ."

"ಹುಡುಗೀ, ಬಾಯಿ!" ಎಂದರು ತಾತೈ.

"ಬಾಯಿಗೇನಾಗಿದೆ ಅದರದು? ನಾವು ಕಲಿಸಿದ್ದನ್ನೇ ಹೇಳ್ತಿದೆ," ಎಂದರು ನಾನೈ. "ನಾಚ್ಕೆ ಆಗ್ಬೇಕು ನಮಗೆ. ಹೆಣ್ಣುಮಗು ಅಷ್ಟು ಜನರ ಎದುರಿಗೆ ಅನಾಥೆ ಥರ ನಿಂತ್ಕೊಂಡಿತ್ತು."

"ಅನಾಥೆ ಯಾಕೆ ಆಗ್ತಾಳೆ? ಇವಳಿಗೋಸ್ಕರವೇ ತಾನೇ ನಾನು ಇದೆಲ್ಲ ಮಾಡ್ತಿರೋದು!" ರೋಡೆಲ್ ಎದ್ದು ಹೋದ. ಕೋಳಿಯನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಆರ್ಲಿನ್ ಅದನ್ನು ಬಿಡಿಸಿ ಮರುದಿನ ಸೊಪ್ಪಿನ ಸಾರಿಗೆ ಹಾಕಿದಳು.

*

ಮುಂದಿನ ವಾರ ಕಡುಬು ಬೇಗ ಖರ್ಚಾದ ಒಂದು ದಿನ ಆರ್ಲಿನ್ ಯಾರಿಗೂ ಹೇಳದೆ ಇಲೊಯ್ಲೊಗೆ ಹೋದಳು. ಪಾಲ್ಮಾಳ ಕಚೇರಿ ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ. ಪಾಲ್ಮಾ ಹಲ್ಲು ಕಟ್ಟಿಸಿಕೊಂಡಿದ್ದಳು, ಕೂದಲಿಗೆ ಬಣ್ಣ ಹಚ್ಚಿದ್ದಳು. ಆರ್ಲಿನ್‌ಳ ಗುರುತು ಹತ್ತಲಿಲ್ಲ.

"ಅಪ್ಪ ಅಲ್ಲಿಗೆ ಹೋದ್ಮೇಲೆ ಮದುವೆಯಾಗದ ಮಗನನ್ನ ಕರೆಸ್ಕೊಳ್ಳೋಕೆ ಎಷ್ಟು ದಿನ ಬೇಕಾಗುತ್ತೆ, ಮೇಡಂ?"

"ದಿನ ಅಲ್ಲಮ್ಮ, ವರ್ಷ ಕೇಳು. ನಮ್ಮ ದೇಶದವರ ಸಾಲು ಉದ್ದ. ಹನ್ನೊಂದು ಆಗಬಹುದು, ಹನ್ನೆರಡೂ ಆಗಬಹುದು. ಅಲ್ಲೀವರೆಗೂ ಅವನು ಒಂಟಿಯಾಗೇ ಇರಬೇಕು. ಅದೊಂದು ನೆನಪಿರಲಿ."

ಆರ್ಲಿನ್ ಬೆರಳು ಮಡಚಿದಳು. ತೆಯಾಗೆ ಇಪ್ಪತ್ತನಾಲ್ಕು. ತನಗೆ ನಲವತ್ತಾರು.

"ಅವನಿಗೆ ಮಗು ಇದ್ರೆ? ಹುಟ್ಟಿದ ಕಾಗದದಲ್ಲಿ ಅಪ್ಪನ ಹೆಸರು ಹಾಕ್ಸಿದ್ರೆ ತೊಂದ್ರೆಯಾ?"

"ಮಗು ಇದ್ರೆ ಇರಲಿ. ಅವರು ಕೇಳೋದು ಮದುವೆ ಒಂದನ್ನೇ. ಹೆಸರು ಹಾಕ್ಸೋಕೆ ಯಾರಮ್ಮ ಬೇಡ ಅಂದೋರು?"

"ನೀವೇ," ಎನ್ನುವುದು ಆರ್ಲಿನ್‌ಳ ನಾಲಗೆಯ ತುದಿಗೆ ಬಂದಿತ್ತು. ಕೆಳಗಿನ ಅಂಗಡಿಯಲ್ಲಿ ತಂದೆ ಎಂದು ಒಪ್ಪಿಕೊಳ್ಳುವ ಅರ್ಜಿಯ ಒಂದು ಪ್ರತಿ ತೆಗೆಸಿಕೊಂಡು, ಕಡುಬಿಗೆ ಸುತ್ತುವ ಬಾಳೆಲೆಯ ಕಟ್ಟಿನೊಳಗೆ ಇಟ್ಟುಕೊಂಡು ಬಂದಳು.

ಮರುದಿನ ಬೆಳಗ್ಗೆ ರೋಡೆಲ್ ಒಣಮೀನು ಹುರಿದದ್ದು, ಅನ್ನ ತಿನ್ನುತ್ತಿದ್ದಾಗ ಅದನ್ನು ತಟ್ಟೆಯ ಪಕ್ಕಕ್ಕೆ ಇಟ್ಟಳು.

"ಇಲ್ಲೊಂದು ಸೈನ್ ಹಾಕು. ಪುರಸಭೆಗೆ ನಾನೇ ಒಯ್ತೀನಿ. ಹೈಸ್ಕೂಲಿಗೆ ಹಾಕೋ ಹೊತ್ತಿಗೆ ಅವಳ ಹೆಸರಿನ ಮುಂದೆ ನಿನ್ನ ಹೆಸರು ಇರುತ್ತೆ."

ರೋಡೆಲ್ ಓದಿದ. ಎರಡು ಸಲ ಓದಿದ. "ಸಂದರ್ಶನ ಮುಗೀಲಿ."

"ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪಾಲ್ಮಾನೇ ಹೇಳಿದ್ಲು."

"ಈ ಟೈಮಲ್ಲಿ ಯಾವ ಕಾಗದಾನೂ ಅಲ್ಲಾಡಿಸೋದು ಬೇಡ ಆರ್ಲಿನ್. ದಡಕ್ಕೆ ಬಂದ ದೋಣೀಲಿ ಎದ್ದು ನಿಲ್ತಾರಾ ಯಾರಾದ್ರೂ?"

"ದಡಾನಾ? ಇನ್ನೂ ಹನ್ನೆರಡು ವರ್ಷ ಅಂತೆ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಹೋದ ವರ್ಷದಿಂದ. ಹೇಳಿದ್ರೆ ನೀನು ಕೂತು ಅಳ್ತೀಯ ಅಂತ ಹೇಳ್ಲಿಲ್ಲ." ಅವನು ಕಾಗದವನ್ನು ಎಣ್ಣೆಯಾಗದ ಹಾಗೆ ತುದಿ ಹಿಡಿದು ಆಚೆ ಸರಿಸಿದ. ದನಿಯಲ್ಲಿ ಕೋಪವೇ ಇರಲಿಲ್ಲ, ಅವಳಿಗೆ ಸಮಾಧಾನ ಹೇಳುವವನ ಹಾಗಿದ್ದ. "ಹದಿಮೂರು ಕಳ್ದಿಲ್ವಾ ನಾವು? ಇನ್ನೊಂದು ಹನ್ನೆರಡು."

ಅವನು ಹೋದ ಮೇಲೆ ಆರ್ಲಿನ್ ಬಟ್ಟೆಯ ಟಬ್ಬನ್ನು ಹಿತ್ತಲ ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ, ನಲ್ಲಿ ಬಿಟ್ಟು, ಆಂತಿಕೆ ಸೀಮೆಯ ಸಾನ್ ಹೋಸೆಯಲ್ಲಿದ್ದ ದೊಡ್ಡಪ್ಪನ ಮಗಳಿಗೆ ಫೋನು ಮಾಡಿದಳು. ಅವಳದು ಬಂದರಿನ ಹತ್ತಿರ ಊಟದ ಅಂಗಡಿ.

"ಆಳು ಬೇಕು ಅಂದಿದ್ಯಲ್ಲ, ಯಾರಾದ್ರೂ ಸಿಕ್ಕಿದ್ರಾ?"

"ಸಿಕ್ಕೋರೆಲ್ಲ ಹುಬ್ಬು ತೀಡೋರೇ ಕಣೇ, ಪಾತ್ರೆ ತಿಕ್ಕೋರು ಯಾರೂ ಇಲ್ಲ. ಯಾಕೆ?"

"ನಾನು ಬರ್ತೀನಿ. ತೆಯಾನ್ನೂ ಕರ್ಕೊಂಡು. ಜೂನ್ ಮೂರಕ್ಕೆ."

"ರೋಡೆಲ್ ಜೊತೆ ಜಗಳಾನಾ?"

"ಜಗಳ ಆಗಿದ್ರೆ ಎಷ್ಟೋ ಚೆನ್ನಾಗಿತ್ತು," ಎಂದಳು ಆರ್ಲಿನ್.

*

ಅದಾದ ಭಾನುವಾರ ವಾಂಜಿಯ ಫೋನು ಬಂದಾಗ ನಾನೈ ಸೋರಿಂಗ್ ಎಂದಿನ ಪಾಠಕ್ಕೆ ಕೂರಲಿಲ್ಲ. "ಮಗಳೇ, ನಾನು ಬರಲ್ಲ. ನನ್ನ ಅರ್ಜಿ ವಾಪಸ್ ತಗೋ," ಎಂದರು.

"ತಮಾಷೆ ಬೇಡ, ನಾನೈ. ಒಂದು ಕೈಲಿ ಬೆನ್ನಿಯವರಿಗೆ ಗಂಜಿ ತಿನ್ನಿಸ್ತಿದೀನಿ, ಒಂದು ಕೈಲಿ ಫೋನ್ ಹಿಡಿದಿದೀನಿ." ಬೆನ್ನಿ ಅವಳ ಗಂಡ. ಪಾರ್ಶ್ವವಾಯು ಬಡಿದು ಒಂದೂವರೆ ವರ್ಷವಾಗಿತ್ತು.

"ತಮಾಷೆ ಅಲ್ಲ. ನನ್ನ ಮಂಡಿ ನನಗೆ ಗೊತ್ತು. ಅಲ್ಲಿ ನಾನು ಯಾರನ್ನ ಎತ್ತಲಿ, ಯಾರನ್ನ ಮಲಗಿಸ್ಲಿ?"

"ಎಷ್ಟು ಕಾಗದ, ಎಷ್ಟು ಓಡಾಟ! ತಾತೈಯ ಜನನದ ದಾಖಲೆ ಹುಡುಕೋಕೇ ನಾಲ್ಕು ವರ್ಷ ಹಿಡೀತು. ಈಗ ಬಾಗಿಲಿಗೆ ಬಂದು..."

"ಒಂದು ಮಾತು ಹೇಳು. ನೀನು ಕರೆಸ್ಕೊಳ್ತಿರೋದು ಅಮ್ಮನ್ನಾ, ಆಯಾನ್ನಾ?"

ಫೋನಿನಲ್ಲಿ ಬೆನ್ನಿಯ ಕೆಮ್ಮು ಕೇಳಿತು. ಆಮೇಲೆ ಮೂಗು ಒರೆಸಿಕೊಳ್ಳುವ ಸದ್ದು.

"ಇಬ್ಬರನ್ನೂ, ನಾನೈ. ಸುಳ್ಳು ಹೇಳಲ್ಲ. ನಾನು ಡ್ಯೂಟಿಗೆ ಹೋದ್ರೆ ಅವರು ನಾನು ಬರೋವರೆಗೂ ಒದ್ದೆಯಲ್ಲೇ ಇರ್ತಾರೆ."

"ಅದನ್ನ ಕೇಳಿ ನನಗೂ ಸಂಕಟ ಆಗುತ್ತೆ. ಆದ್ರೂ ಬರಲ್ಲ."

ಫೋನು ಕಟ್ಟಾಯಿತು. ರೋಡೆಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಾನೈ, ನನ್ನ ಗತಿ ಏನು? ಹದಿಮೂರು ವರ್ಷ ಕಾದದ್ದನ್ನ ಊಟಕ್ಕೆ ಕೂತು ಒಂದೇ ಮಾತಲ್ಲಿ ಚೆಲ್ಲಿಬಿಟ್ರಲ್ಲ!"

"ಉಣ್ಣು, ತೋತೋ. ಆರುತ್ತೆ," ಎಂದರು ನಾನೈ ಮಗನಿಗೆ. ತಾತೈ ಹಿತ್ತಲಲ್ಲಿ ಸಾಕಿದ್ದ ತಮ್ಮ ಹುಂಜದ ಹತ್ತಿರ ಹೋಗಿ ಕುಳಿತರು.

ಆರ್ಲಿನ್ ರೋಡೆಲ್‌ನ ತಟ್ಟೆಯನ್ನು ಮುಚ್ಚಿಟ್ಟಳು. ಅತ್ತೆ ತನಗಾಗಿಯೇ ಹೀಗೆ ಮಾಡಿದರು ಎನ್ನುವುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ. ತಾನು ವೇದಿಕೆಯ ಮೇಲೆ ಒಂಟಿಯಾಗಿ ನಿಂತದ್ದನ್ನು ನೋಡಿದವರು ಅವರು. ಅರ್ಜಿ ಇಲ್ಲವೆಂದ ಮೇಲೆ ಕಾಯುವುದೂ ಇಲ್ಲ, ಕಾಯುವುದಿಲ್ಲವೆಂದ ಮೇಲೆ ಮದುವೆಗೆ ಅಡ್ಡಿ ಏನು? ಆ ಸಂಜೆ ಶುಂಠಿ ಜಜ್ಜಿ ಹಾಕಿದ ಬಿಸಿನೀರಿನಲ್ಲಿ ನಾನೈಯ ಕಾಲು ತೊಳೆದು, ಮಂಡಿಗೆ ಎಣ್ಣೆ ತಿಕ್ಕಿದಳು. ನಾನೈ ಅವಳ ತಲೆಯ ಮೇಲೆ ಕೈಯಿಟ್ಟು, "ನಿನ್ನಂಥೋಳು ಸಿಗಲ್ಲ, ಇಂದೈ," ಎಂದರು. ಆ ಊರಲ್ಲಿ ಮಗಳನ್ನು ಕರೆಯುವುದು ಹಾಗೆ. ಆರ್ಲಿನ್ ಸಾನ್ ಹೋಸೆಗೆ ಫೋನು ಮಾಡಿ, "ಸ್ವಲ್ಪ ತಡಿ. ನಾನು ಬರದೇ ಇರಬಹುದು," ಎಂದಳು. ಪುರಸಭೆಗೆ ಹೋಗಿ ಮದುವೆಯ ಪರವಾನಗಿಗೆ ಏನೇನು ಕಾಗದ ಬೇಕೆಂದು ಕೇಳಿಕೊಂಡು ಬಂದಳು. ರೋಡೆಲ್ ಮುಖ ಊದಿಸಿಕೊಂಡೇ ಇದ್ದ, ಇರಲಿ. ನೀರು ಇಳಿದ ಮೇಲೆ ಕೆಸರೂ ಇಳಿಯುತ್ತದೆ ಎಂದುಕೊಂಡಳು.

ಹನ್ನೆರಡು ದಿನ ಬಿಟ್ಟು ವಾಂಜಿ ಮತ್ತೆ ಫೋನು ಮಾಡಿದಳು. ದನಿ ದಣಿದಿತ್ತು.

"ಕಾಗದ ಬರೆದು ಸೈನ್ ಹಾಕಿ ಕಳಿಸಿದೀನಿ, ನಾನೈ. ನಿಮ್ಮ ಅರ್ಜಿ ವಾಪಸ್ ಆಯ್ತು. ತಾತೈ, ನಿಮ್ಮ ಸಂದರ್ಶನ ಅದೇ ದಿನ. ಗಡ್ಡ ಬೋಳಿಸ್ಕೊಂಡು ಹೋಗಿ."

"ನಂದೂ ಹೋಯ್ತು ಅನ್ಕೊಂಡಿದ್ದೆ!" ತಾತೈ ಎದ್ದು ನಿಂತೇಬಿಟ್ಟರು.

"ನಿಮ್ಮದು ಯಾಕೆ ಹೋಗುತ್ತೆ? ಒಬ್ಬೊಬ್ಬರಿಗೆ ಒಂದೊಂದು ಅರ್ಜಿ. ಅಮ್ಮನದು ಬೇರೆ, ಅಪ್ಪನದು ಬೇರೆ. ನೀವಾದ್ರೂ ಬನ್ನಿ. ಬೆನ್ನಿ ಪಕ್ಕ ಒಬ್ಬ ಗಂಡಸು ಕೂತಿದ್ರೂ ಸಾಕು."

ರೋಡೆಲ್ ಅಪ್ಪನನ್ನು ಸೊಂಟಕ್ಕೆ ಹಿಡಿದು ಎತ್ತಿಬಿಟ್ಟ. "ಇಳಿಸೋ ಕತ್ತೆ, ಬೆನ್ನು ಮುರಿದ್ರೆ ಅಲ್ಲೂ ಎರಡು ಹಾಸಿಗೆ ಹಾಕ್ಬೇಕಾಗುತ್ತೆ!" ಎಂದು ತಾತೈ ಕೂಗಿದರು. ಇಬ್ಬರೂ ಮಕ್ಕಳ ಹಾಗೆ ನಗುತ್ತಿದ್ದರು. ತಾತೈ ಹೋಗುತ್ತಾರೆ, ಮಗನಿಗೆ ಅರ್ಜಿ ಹಾಕುತ್ತಾರೆ. ಎಲ್ಲವೂ ಮೊದಲಿನ ಹಾಗೆಯೇ. ಮನೆಯಿಂದ ಹೊರಡುವವರಲ್ಲಿ ಒಬ್ಬರು ಮಾತ್ರ ಕಡಿಮೆ.

ಆರ್ಲಿನ್ ಅನ್ನದ ಸೌಟು ಹಿಡಿದು ನಿಂತೇ ಇದ್ದಳು. "ಬಡಿಸು, ಇಂದೈ," ಎಂದರು ನಾನೈ, ಅವಳ ಮುಖ ನೋಡದೆ.

*

ಮೇ ಕೊನೆಯಲ್ಲಿ ಅಪ್ಪನ ಜೊತೆ ರೋಡೆಲ್ ಮನಿಲಾಕ್ಕೆ ಹೋದ. ಎರಡನೆಯ ದಿನ ಸಂದೇಶ ಬಂತು: ಸಂದರ್ಶನ ಹತ್ತೇ ನಿಮಿಷ, ವೀಸಾ ಸಿಕ್ಕಿತು, ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳಲೇ ಇಲ್ಲ.

ಮರುದಿನ ಬೆಳಗ್ಗೆ ಅತ್ತೆ ಸೊಸೆ ಹಿತ್ತಲಲ್ಲಿ ಮೀನು ಹಸನು ಮಾಡುತ್ತ ಕುಳಿತಿದ್ದರು. ನಾನೈ ಹುರುಪೆ ಕೆರೆದು ಕೊಡುತ್ತಿದ್ದರು, ಆರ್ಲಿನ್ ಹೊಟ್ಟೆ ಸೀಳುತ್ತಿದ್ದಳು. ತೆಯಾ ಪಕ್ಕದ ಮನೆಯ ಟೀವಿ ಮುಂದಿದ್ದಳು. ಹೇಳಿದರೆ ಈಗಲೇ ಹೇಳಬೇಕು ಎಂದುಕೊಂಡಳು ಆರ್ಲಿನ್.

"ನಾನೈ, ಜೂನ್ ಮೂರಕ್ಕೆ ನಾನು ತೆಯಾನ್ನ ಕರ್ಕೊಂಡು ಸಾನ್ ಹೋಸೆಗೆ ಹೋಗ್ತೀನಿ. ಅಲ್ಲಿ ಕೆಲಸ ಇದೆ, ಬರ್ತೀನಿ ಅಂತ ಮತ್ತೆ ಹೇಳಿದೀನಿ. ಶಾಲೆಯೂ ಹತ್ರ."

"ಗೊತ್ತು," ಎಂದರು ನಾನೈ. ಕೆರೆಯುವುದು ನಿಲ್ಲಲಿಲ್ಲ. "ನಲ್ಲಿ ಬಿಟ್ಟು ಮಾತಾಡಿದ್ರೆ ಕೇಳಿಸಲ್ಲ ಅನ್ಕೊಂಡಿದೀಯ. ನನ್ನ ಮಂಚ ಆ ಕಿಟಕಿಗೇ ಹತ್ಕೊಂಡಿದೆ. ಆ ಭಾನುವಾರವೇ ತಾನೇ ನಾನು ವಾಂಜಿಗೆ ಬರಲ್ಲ ಅಂದಿದ್ದು?"

ಆರ್ಲಿನ್‌ಳ ಚಾಕು ನಿಂತಿತು.

"ನಾನೂ ಹೊರಟೋಗಿದ್ರೆ ನಿನ್ನ ಈ ಮನೇಲಿ ಯಾವುದು ಹಿಡೀತಿತ್ತು? ಮಂಡಿ ಹೋದ ಮುದುಕೀನ ಒಬ್ಬಳೇ ಬಿಟ್ಟು ಹೋಗೋ ಜೀವ ಅಲ್ಲ ನಿಂದು. ರೋಡೆಲ್‌ಗೆ ಅದು ಗೊತ್ತಿಲ್ಲ. ನಂಗೆ ಗೊತ್ತು."

"ನನಗೋಸ್ಕರ ಬಿಟ್ರಿ ಅನ್ಕೊಂಡಿದ್ದೆ."

"ನಿನಗೋಸ್ಕರಾನೂ ಅನ್ಕೋ." ನಾನೈ ಇನ್ನೊಂದು ಮೀನು ಎತ್ತಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು, ಕೈ ಮಾತ್ರ ನಡೆಯುತ್ತಲೇ ಇತ್ತು. "ನೀನು ಹೋದ್ರೆ ಅವನು ವರ್ಷ ತುಂಬೋದ್ರೊಳಗೆ ಇನ್ನೊಬ್ಬಳನ್ನ ತರ್ತಾನೆ. ಬಂದೋಳು ಮದುವೆ ಮಾಡ್ಕೋ ಅಂತಾಳೆ. ಅಲ್ಲಿಗೆ ಮುಗೀತು ಅವನ ಅಮೆರಿಕ. ನೀನು ಹಾಗಲ್ಲ. ಹದಿಮೂರು ವರ್ಷದಲ್ಲಿ ಒಂದು ಸಲಾನೂ ಕೇಳ್ಲಿಲ್ಲ ನೀನು."

ಬೆಕ್ಕು ಬಂದು ಕರುಳಿನ ಬಟ್ಟಲ ಸುತ್ತ ಸುಳಿಯಿತು. ಆರ್ಲಿನ್ ಅದಕ್ಕೆ ಒಂದು ಚೂರು ಎಸೆದಳು. ಉಳಿದಿದ್ದ ಮೀನುಗಳ ಹೊಟ್ಟೆಯನ್ನೂ ಸೀಳಿ, ಎಲ್ಲವನ್ನೂ ಮೂರು ನೀರಿನಲ್ಲಿ ತೊಳೆದು, ಉಪ್ಪು ಸವರಿದಳು. ಆಮೇಲೆ ಹೇಳಿದಳು.

"ತೆಯಾ ಹೋಗ್ತಾಳೆ."

"ಏನಂದೆ?"

"ನೀವು ಹೇಳಿದ್ದು ಸರಿ, ನಾನೈ. ನಿಮ್ಮನ್ನ ಬಿಟ್ಟು ಹೋಗೋಕೆ ನನ್ನ ಕೈಲಿ ಆಗಲ್ಲ. ತೆಯಾ ಹೋಗ್ತಾಳೆ. ದೊಡ್ಡಪ್ಪನ ಮಗಳ ಮನೇಲಿದ್ದು ಅಲ್ಲೇ ಓದ್ತಾಳೆ."

"ಹನ್ನೆರಡು ವರ್ಷದ ಕೂಸು ಅದು! ಅಷ್ಟು ದೂರ? ತಾಯಿ ಇಲ್ದೆ ಅಲ್ಲೇನು ಕಲಿಯುತ್ತೆ?"

"ಬಾಯಿಬಿಟ್ಟು ಕೇಳೋದನ್ನ ಕಲೀಲಿ," ಎಂದಳು ಆರ್ಲಿನ್.

ನಾನೈ ಕೆರೆಯುವುದನ್ನು ನಿಲ್ಲಿಸಿದರು.

ರೋಡೆಲ್ ಬಂದು ಕೂಗಾಡಿದ, ಒಂದು ದಿನ ಊಟ ಬಿಟ್ಟ, ಮರುದಿನ ಉಂಡ. ಜೂನ್ ಮೂರರ ಬೆಳಗ್ಗೆ ಟ್ರಂಕನ್ನು ಅವನೇ ಜೀಪ್ನಿಯಲ್ಲಿ ಹೇರಿಕೊಂಡು ಹೆದ್ದಾರಿಯವರೆಗೆ ತಂದು ಇಳಿಸಿದ. ಆಂತಿಕೆಯ ಬಸ್ಸು ಬರುವವರೆಗೆ ಮೂವರೂ ಮಾವಿನ ಮರದ ಕೆಳಗೆ ನಿಂತರು. ಅವನು ಮಗಳ ಜಡೆ ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದ. ತೆಯಾ ಸುಮ್ಮನೆ ನಿಂತು ಮಾಡಿಸಿಕೊಂಡಳು. ಹೋಗಿ ಬರ್ತೀನಿ ಎನ್ನುವಾಗ ಅಪ್ಪ ಎಂದೂ ಅನ್ನಲಿಲ್ಲ, ತೀಯೋ ಎಂದೂ ಅನ್ನಲಿಲ್ಲ.

ಬಸ್ಸು ಬಂತು. ರೋಡೆಲ್ ಟ್ರಂಕನ್ನು ಮೇಲಕ್ಕೆ ಕೊಟ್ಟ. ಆರ್ಲಿನ್ ಮಗಳನ್ನು ಹತ್ತಿಸಿ, ಕಡುಬಿನ ಕಟ್ಟನ್ನು ಮಡಿಲಿಗಿಡಲು ತಾನೂ ಮೆಟ್ಟಿಲು ಹತ್ತಿದಳು. ಕಿಟಕಿಯ ಪಕ್ಕ ಎರಡು ಸೀಟು ಖಾಲಿಯಿದ್ದವು. ತೆಯಾ ಒಂದರಲ್ಲಿ ಕುಳಿತು, ಇನ್ನೊಂದರ ಮೇಲೆ ಅಂಗೈ ಊರಿ ಅಮ್ಮನನ್ನು ನೋಡಿದಳು.

ಕಂಡಕ್ಟರ್ ಚೀಟಿ ಹರಿಯಲು ಬಂದ. "ಎಷ್ಟು ಜನ?"

"ಒಬ್ಬಳೇ," ಎಂದಳು ಆರ್ಲಿನ್. "ಕಿಟಕಿ ಪಕ್ಕದೋಳು."

ಹಿಂದಿನವರಿಗೆ ದಾರಿ ಬಿಟ್ಟು ಅವಳು ಇಳಿದಳು.